ಖಾಲಿ ನಿಲುವು

ಬಜಪೆಯಾಚೆಯ ಪದವಿನಲ್ಲಿ
ಮುಳಿಹುಲ್ಲು ಮೊಣಕಾಲೆತ್ತರ.
ಜನವರಿಯ ಬೆಳಿಗ್ಗೆ, ಇಬ್ಬನಿ ಇನ್ನೂ ಆರಿಲ್ಲ,
ಈಗ ತಣ್ಣಗಿರುವ ಮುರಕಲ್ಲು
ಒಂಬತ್ತು ಗಂಟೆಗೆಲ್ಲ ಕಾದ ಕಾವಲಿ.

ಇಲ್ಲಿ ಯಾರೂ ಹಕ್ಕಿ ಕೊಲ್ಲುವುದಿಲ್ಲ.
ಕೋವಿ ಉಂಟು, ಗುಂಡಿಲ್ಲ; ಬರೀ ಸದ್ದು.
ನಾಯಿ ಗಾಳಿಯನ್ನು ಓದಬೇಕು,
ಓದಿದ ಜಾಗದಲ್ಲಿ ಕಲ್ಲಾಗಬೇಕು,
ನಾನು ಹೋಗಿ ಹಕ್ಕಿ ಎಬ್ಬಿಸುವವರೆಗೆ.
ಎದ್ದ ಮೇಲೂ, ಸದ್ದಾದ ಮೇಲೂ
ಬಾಲದ ತುದಿ ಕೂಡ ಅಲುಗಬಾರದು.
ಅಷ್ಟೇ ಆಟ. ಗೆದ್ದರೆ ಒಂದು ಹಿತ್ತಾಳೆಯ ಕಪ್.

ಚಿಮಿಣಿ, ಕ್ರಾಸ್ತಾ ಮಾಸ್ತರರ ಪಾಯಿಂಟರ್.
ಮೈಯೆಲ್ಲ ಬಿಳಿ, ಮೋರೆಗೆ ಮಾತ್ರ ಮಸಿ,
ಬತ್ತಿ ಏರಿಸಿ ಮರೆತ ದೀಪದ ಗಾಜಿನ ಹಾಗೆ.
ಮಾಸ್ತರರ ಮೊಣಕಾಲು ಸೋತು ಮೂರು ವರ್ಷ;
ಸೀಟಿ ನನ್ನ ಕೊರಳಿಗೆ ಬಂತು.
ನಾನೋ, ಬಂದರಿನ ಐಸ್ ಪ್ಲಾಂಟಿನವ.
ರಾತ್ರಿ ಮಂಜುಗಡ್ಡೆ ಒಡೆದ ಕೈಯಲ್ಲೇ
ಬೆಳಿಗ್ಗೆ ಅವಳಿಗೆ ನಿಲ್ಲುವುದನ್ನು ಕಲಿಸಿದೆ.
ಕಲಿಸಿದೆ ಅನ್ನುವುದು ದೊಡ್ಡ ಮಾತು.
ನಿಲ್ಲುವುದು ಅವಳ ಅಜ್ಜಿಯಂದಿರ ಆಸ್ತಿ,
ಓಡಬೇಡ ಅನ್ನುವುದಷ್ಟೇ ನನ್ನದು.

ಕೊನೆಯ ಸುತ್ತು. ಜೋಡಿಗೆ ಕೊಯಮತ್ತೂರಿನ ಸೆಟರ್,
ಕಾಲಿಗೆಲ್ಲ ರೇಷ್ಮೆ ಜಾಲರಿ, ಮದುವೆಗೆ ಹೊರಟವನಂತೆ.
ಎರಡೂ ಹುಲ್ಲಿಗೆ ಇಳಿದವು,
ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ,
ಮಗ್ಗದ ಲಾಳಿ ಹೊಕ್ಕು ಹೊರಟ ಹಾಗೆ.
ಸೆಟರ್ ಆಗಲೇ ಒಂದು ಕೌಜುಗ ತೋರಿಸಿ
ಲೆಕ್ಕ ಚುಕ್ತಾ ಮಾಡಿಕೊಂಡಿದ್ದ.

ಕೇಪಳದ ಪೊದೆ ದಾಟಿ ಚಿಮಿಣಿ ತಿರುಗಿದಳು,
ತಿರುಗುವ ನಡುವಲ್ಲೇ ನಿಂತಳು.
ಮುಂಗಾಲೊಂದು ಮಡಿಸಿಯೇ ಉಳಿಯಿತು,
ಮೂಗು ನೆಲಕ್ಕೆ ಓರೆ, ಬಾಲ ಬಿಗಿದ ಸರಿಗೆ.
ಹಿಂದೆ ಸೆಟರ್ ಕೂಡ ನಿಂತ,
ತನ್ನ ಮೂಗಿಗೆ ಏನೂ ತಾಗದೆಯೇ,
ಅವಳ ಮಾತು ನಂಬಿ.
ಮೇಲೆ ದುಬೈಯ ವಿಮಾನ ಚಕ್ರ ಬಿಚ್ಚಿ ಇಳಿಯಿತು.
ಇಬ್ಬರೂ ಕಿವಿ ಕೊಡಲಿಲ್ಲ.

ತೀರ್ಪುಗಾರ ಕೈಯೆತ್ತಿದ. ನಾನು ಹೋದೆ.
ಕೋಲಿನಿಂದ ಹುಲ್ಲು ಸರಿಸಿದೆ. ಏಳಲಿಲ್ಲ.
ಇನ್ನೊಂದು ಹೆಜ್ಜೆ. ಏಳಲಿಲ್ಲ.
ಬಾಗಿ ನೋಡಿದರೆ ನನ್ನ ಬೂಟಿನ ಪಕ್ಕದಲ್ಲೇ
ಒಣಹುಲ್ಲಿನದೇ ಬಣ್ಣದ ಒಂದು ಲಾವಕ್ಕಿ,
ಕಣ್ಣು ಮಾತ್ರ ಹಸಿ,
ಎದೆಯಡಿ ಇಣುಕುವ ಮೊಟ್ಟೆಯ ಅಂಚು.
ಒಂದು ಒದೆ ಸಾಕಿತ್ತು, ಒಂದು ಚಪ್ಪಾಳೆ.
ಹಾರಿದ್ದರೆ ಕಪ್ ನಮ್ಮದೇ.
ಹಾರಿದ್ದು ಮರಳುತ್ತದೋ ಇಲ್ಲವೋ;
ಮೇಲೆ ಹದ್ದುಗಳು ಸುತ್ತು ಹಾಕುತ್ತಿದ್ದವು.

"ಹಕ್ಕಿ ಉಂಟಾ ದೂಮಣ್ಣ?"
"ಇಲ್ಲ," ಅಂದೆ. "ಖಾಲಿ."
ತೀರ್ಪುಗಾರ ಬರೆದುಕೊಂಡ: ಸುಳ್ಳು ನಿಲುವು.
ಕತ್ತುಪಟ್ಟಿ ಹಿಡಿದು ಎಳೆದೆ. ಬರಲಿಲ್ಲ ಅವಳು.
ಎತ್ತಿಕೊಂಡೇ ಬರಬೇಕಾಯಿತು,
ಎತ್ತಿದಾಗಲೂ ಮಡಿಸಿದ ಕಾಲು ಮಡಿಸಿಯೇ ಇತ್ತು.

ಕಾರಿನಲ್ಲಿ ಮಾಸ್ತರರು ಫ್ಲಾಸ್ಕಿನ ಮುಚ್ಚಳಕ್ಕೆ ಚಾ ಬಗ್ಗಿಸಿ
ನನ್ನ ಮುಖ ನೋಡಲಿಲ್ಲ, ಅವಳದು ನೋಡಿದರು.
"ಇವಳು ಸುಳ್ಳು ಹೇಳುವವಳಲ್ಲ ಮಾರಾಯ,"
ಅಂದರು. ಮತ್ತೆ ಮಾತಿಲ್ಲ.
ನಾನು ಹೇಳಬಹುದಿತ್ತು. ಕೈಕಂಬ ದಾಟಿತು,
ಗುರುಪುರದ ಸೇತುವೆ ದಾಟಿತು.

ಮೂರು ವಾರ ಬಿಟ್ಟು ಒಬ್ಬನೇ ಹೋಗಿ ನೋಡಿದೆ.
ಕಲ್ಲು ಕೊರೆಯುವ ಮಿಷನ್ ಬಂದಿತ್ತು,
ಕೆಂಪು ಹುಡಿ, ಟಯರಿನ ಗುರುತು.
ಕೇಪಳದ ಪೊದೆ ಎಲ್ಲಿತ್ತೆಂದೇ ತಿಳಿಯಲಿಲ್ಲ.
ಮರಿಗಳು ಅದಕ್ಕೆ ಮೊದಲೇ ಓಡಿದ್ದವೋ,
ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಈಗ ಭಾನುವಾರ ಪದವಿನ ಉಳಿದ ಬದಿಗೆ ಹೋಗುತ್ತೇವೆ.
ವಾಸನೆ ಸಿಕ್ಕರೆ ಚಿಮಿಣಿ ನಿಲ್ಲುತ್ತಾಳೆ,
ಕಾಲು ಅದೇ, ಬಾಲ ಅದೇ.
ನಿಂತ ಮೇಲೆ ಮಾತ್ರ ಒಮ್ಮೆ
ಕತ್ತು ತಿರುಗಿಸಿ ನನ್ನನ್ನು ನೋಡುತ್ತಾಳೆ.
ಮೊದಲಿರಲಿಲ್ಲ ಇದು.
ಸ್ಪರ್ಧೆಯಲ್ಲಾದರೆ
ಅದಕ್ಕೆ ಅರ್ಧ ಅಂಕ ಕಳೆಯುತ್ತಾರೆ.